ಕಾಲ್ಗುಣವಂತೆ! ಪಾಲುಪಟ್ಟಿ ನೋಡಿದ್ದೀರಾ?

ಈಗಷ್ಟೇ ಒಂದು ರೀಲ್ಸ್ ನೋಡಿ ಮೈಯೆಲ್ಲ ಉರಿಯುತ್ತಿದೆ. "ಮೂರು ಗಂಡಂದಿರನ್ನು ನುಂಗಿದ ಇಂಗ್ಲೆಂಡಿನ ಸುಂದರಿ." ಹಿನ್ನೆಲೆಯಲ್ಲಿ ದೆವ್ವದ ಸಿನಿಮಾದ ಸಂಗೀತ. ಕೆಳಗೆ ಕಾಮೆಂಟುಗಳ ಸುರಿಮಳೆ: "ಕಾಲ್ಗುಣ ಸರಿಯಿಲ್ಲ", "ಜಾತಕ ನೋಡಿ ಮದುವೆ ಮಾಡಬೇಕಿತ್ತು", ನಡುವೆ ನಗುವ ಮುಖಗಳು. ಅವರು ಹೇಳುತ್ತಿದ್ದದ್ದು ಎಲಿಜಬೆತ್ ಡಿ ಕ್ಲೇರ್ ಬಗ್ಗೆ. ಇಂಗ್ಲೆಂಡಿನ ಹಳೇ ಜಮೀನು ದಾಖಲೆಗಳ ವಿಷಯ ಬಂದರೆ ನಾನು ಸುಮ್ಮನೆ ಕೂರುವ ಪೈಕಿ ಅಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಹಾಗಾಗಿ ಸಹಿಸಿಕೊಳ್ಳಿ, ಉದ್ದ ಆಗುತ್ತೆ.

ಕಾಲ್ಗುಣವಂತೆ! ಆ ಕುಟುಂಬದ ಪಾಲುಪಟ್ಟಿಯನ್ನು ಒಂದು ಸಲ ನೋಡಿದವರು ಈ ಮಾತು ಆಡುವುದಿಲ್ಲ.

ಹುಟ್ಟಿದ್ದು 1295ರ ಸೆಪ್ಟೆಂಬರ್‌ನಲ್ಲಿ. ಅಪ್ಪ ಗ್ಲಾಸ್ಟರಿನ ಅರ್ಲ್ (ದೊಡ್ಡ ಜಹಗೀರುದಾರ ಅನ್ನಿ) ಗಿಲ್ಬರ್ಟ್ ಡಿ ಕ್ಲೇರ್, ಮಗಳಿಗೆ ಮೂರು ತಿಂಗಳು ತುಂಬುವ ಮೊದಲೇ ಸತ್ತ. ತಾಯಿ ಜೋನ್, ರಾಜ ಒಂದನೇ ಎಡ್ವರ್ಡನ ಮಗಳು. ಅಂದರೆ ಮುಂದೆ ಪಟ್ಟಕ್ಕೆ ಬಂದ ಎರಡನೇ ಎಡ್ವರ್ಡ್ ಇವಳಿಗೆ ಸಾಕ್ಷಾತ್ ಸೋದರಮಾವ. ಈ ಸಂಬಂಧವನ್ನು ನೆನಪಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಬರೀ 'ಅಂಕಲ್' ಅಂದುಬಿಡುತ್ತಾರೆ, ಅರ್ಧ ಕಥೆ ಅಲ್ಲೇ ಬಿದ್ದುಹೋಗುತ್ತೆ.

ಮೊದಲ ಮದುವೆ 1308ರ ಸೆಪ್ಟೆಂಬರ್ 30, ವಾಲ್ಥಮ್ ಮಠದಲ್ಲಿ. ಹುಡುಗಿಗೆ ಹದಿಮೂರು. ಗಂಡ ಜಾನ್ ಡಿ ಬರ್ಗ್, ಐರ್ಲೆಂಡಿನ ಅಲ್ಸ್ಟರ್ ಅರ್ಲ್‌ನ ವಾರಸುದಾರ ಮಗ. ಹಿಂದಿನ ದಿನ ಇವಳ ಅಣ್ಣ ಗಿಲ್ಬರ್ಟನಿಗೆ ಜಾನ್‌ನ ಸೋದರಿ ಮಾಡ್‌ಳನ್ನು ತಂದುಕೊಂಡಿದ್ದರು. ಕೊಟ್ಟು ತರುವ ಸಂಬಂಧ, ಕೆಲವು ಕಡೆ ಸಾಟಿ ಮದುವೆ ಅಂತಾರಲ್ಲ, ಅದೇ. ಐರ್ಲೆಂಡಿಗೆ ಹೋದಳು, 1312ರಲ್ಲಿ ಮಗ ವಿಲಿಯಂ ಹುಟ್ಟಿದ, 1313ರ ಜೂನ್‌ನಲ್ಲಿ ಗಂಡ ಗಾಲ್ವೆಯಲ್ಲಿ ತೀರಿಕೊಂಡ. ಹದಿನೇಳಕ್ಕೇ ವಿಧವೆ. ಇಲ್ಲಿಯ ತನಕ ಇವಳ ಹಿಂದೆ ಯಾರೂ ಬಿದ್ದಿರಲಿಲ್ಲ. ಯಾಕೆ? ಕಾಲ್ಗುಣದ ಪಂಡಿತರೇ, ಯಾಕೆ? ಅಣ್ಣ ಬದುಕಿದ್ದ, ಅದಕ್ಕೆ.

1314ರ ಜೂನ್ 24ರಂದು ಬ್ಯಾನಕ್‌ಬರ್ನ್ ಯುದ್ಧದಲ್ಲಿ ಆ ಅಣ್ಣ ಸತ್ತ. ಎದುರು ಪಾಳೆಯದಲ್ಲಿದ್ದ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್‌ನ ಹೆಂಡತಿಯೂ ಅಲ್ಸ್ಟರ್ ಅರ್ಲ್‌ನ ಮಗಳೇ. ಷಡ್ಡಕನ ಸೈನ್ಯದ ಕೈಯಲ್ಲಿ ಷಡ್ಡಕ ಹೋದ. ಗಿಲ್ಬರ್ಟನಿಗೆ ಮಕ್ಕಳಿರಲಿಲ್ಲ. ಅಲ್ಲಿನ ಕಾನೂನಿನಲ್ಲಿ ಗಂಡು ವಾರಸುದಾರ ಇದ್ದರೆ ಹಿರಿಯವನಿಗೇ ಅಷ್ಟೂ ಆಸ್ತಿ. ಬರೀ ಹೆಣ್ಣುಮಕ್ಕಳು ಉಳಿದರೆ ಮಾತ್ರ ಸಮಪಾಲು, ಹಿರಿಕಿರಿ ಲೆಕ್ಕ ಇಲ್ಲ. ಅಕ್ಕಂದಿರಾದ ಎಲಿನರ್, ಮಾರ್ಗರೆಟ್, ಕೊನೆಯವಳು ಎಲಿಜಬೆತ್. ಮೂರು ಪಾಲು. ಒಬ್ಬೊಬ್ಬಳಿಗೆ ವರ್ಷಕ್ಕೆ ಸುಮಾರು 2,000 ಪೌಂಡ್ ಹುಟ್ಟುವಳಿಯ ಜಮೀನು. ಆ ಕಾಲಕ್ಕೆ ಇದೆಷ್ಟು ಅಂದರೆ, ವರ್ಷಕ್ಕೆ 40 ಪೌಂಡ್ ಬರುವ ಜಮೀನಿದ್ದವನನ್ನು ಸಾಮಾನ್ಯವಾಗಿ ನೈಟ್ (ರಾಜನಿಗಾಗಿ ಕುದುರೆ ಏರಿ ಕಾದಾಡುವ ಪದವಿ) ಆಗು ಅಂತ ಒತ್ತಾಯ ಮಾಡುತ್ತಿದ್ದರು. ಐವತ್ತು ನೈಟ್‌ಗಳ ಆದಾಯ ಒಬ್ಬ ಹದಿನೆಂಟರ ವಿಧವೆಯ ಹೆಸರಿಗೆ ಬರುವುದರಲ್ಲಿತ್ತು. ಕಾಲು ನೋಡುತ್ತಾರಂತೆ ಕಾಲು!

ಪಾಲು ತಕ್ಷಣ ಆಗಲಿಲ್ಲ. ಅಣ್ಣನ ವಿಧವೆ ಮಾಡ್ ತಾನು ಬಸುರಿ ಅಂದಳು. ಹೊಟ್ಟೆಯಲ್ಲಿ ವಾರಸುದಾರ ಇರಬಹುದು ಅಂದರೆ ಹಂಚುವ ಹಾಗಿಲ್ಲ. ಒಂಬತ್ತು ತಿಂಗಳು ಕಳೆಯಿತು, ವರ್ಷ ಕಳೆಯಿತು, ಮಗು ಮಾತ್ರ ಬರಲೇ ಇಲ್ಲ. ಇಂಥ ಸಂದರ್ಭಕ್ಕೆಂದೇ ಹೊಟ್ಟೆ ಪರೀಕ್ಷೆ ಮಾಡಿಸುವ ರಾಜಾಜ್ಞೆಯೊಂದು ಕಾನೂನಿನಲ್ಲಿತ್ತು, ಮರ್ಯಾದಸ್ಥ ಹೆಂಗಸರು ಹೋಗಿ ನೋಡಿ ವರದಿ ಕೊಡಬೇಕು. ಅದು ನಡೆಯಲಿಲ್ಲ. ಹಂಚಿಕೆ ಎಳೆದುಕೊಂಡು ಹೋದಷ್ಟೂ ಲಾಭ ರಾಜನಿಗೇ, ಅಲ್ಲಿಯವರೆಗೆ ಜಮೀನಿನ ಉಸ್ತುವಾರಿ ಅವನ ಕೈಯಲ್ಲಿ. ಎಷ್ಟು ಅವಸರ ಪಡುತ್ತಾನೆ ಹೇಳಿ!

ಸೋದರಮಾವ ಇವಳನ್ನು ಐರ್ಲೆಂಡಿನಿಂದ ಕರೆಸಿಕೊಂಡು ಬ್ರಿಸ್ಟಲ್ ಕೋಟೆಯಲ್ಲಿ ಇರಿಸಿದ. 1316ರ ಫೆಬ್ರವರಿ 4ರಂದು ಥಿಯೋಬಾಲ್ಡ್ ಡಿ ವರ್ಡನ್ ಅನ್ನುವವನು ಅಲ್ಲಿಂದ ಇವಳನ್ನು ಕರೆದೊಯ್ದು ಮದುವೆಯಾದ. ಮೊದಲು ಐರ್ಲೆಂಡಿನಲ್ಲಿ ರಾಜನ ಪ್ರತಿನಿಧಿಯಾಗಿದ್ದವನು, ಹೆಂಡತಿ ಸತ್ತವನು, ಮೂರು ಹೆಣ್ಣುಮಕ್ಕಳ ತಂದೆ. ರಾಜನ ಕಡೆಯವರು ಅಪಹರಣ ಅಂದರು. ಐರ್ಲೆಂಡಿನಲ್ಲೇ ಮಾತಾಗಿತ್ತು, ಅವಳೇ ಹೊರಗೆ ಬಂದಳು ಅಂತ ಇವನ ವಾದ. ಅವಳನ್ನು ಕೇಳಿದ ದಾಖಲೆ? ಅದೊಂದು ಇಲ್ಲ ನೋಡಿ.

ಇದೊಂದು ವಿಷಯ ಅರ್ಥ ಆಗದಿದ್ದರೆ ಮಿಕ್ಕಿದ್ದು ಯಾವುದೂ ಅರ್ಥ ಆಗಲ್ಲ. ಆಗಿನ ಚರ್ಚಿನ ನಿಯಮದಲ್ಲಿ ಮದುವೆಗೆ ಪಾದ್ರಿ ಕಡ್ಡಾಯ ಅಲ್ಲ, ಸಾಕ್ಷಿಯೂ ಕಡ್ಡಾಯ ಅಲ್ಲ. "ನಿನ್ನನ್ನು ಹೆಂಡತಿಯಾಗಿ ಸ್ವೀಕರಿಸಿದೆ", "ನಿನ್ನನ್ನು ಗಂಡನಾಗಿ ಸ್ವೀಕರಿಸಿದೆ" ಅಂದುಕೊಂಡರೆ ಮುಗಿಯಿತು, ಮದುವೆ ಗಟ್ಟಿ. ರಾಜ ದಂಡ ಹಾಕಬಹುದು, ಜೈಲಿಗೆ ತಳ್ಳಬಹುದು, ಮದುವೆಯನ್ನು ಮುರಿಯಲಾರ. ಇನ್ನು ಮದುವೆಯಾದ ಗಳಿಗೆಯಿಂದ ಹೆಂಡತಿಯ ಜಮೀನಿನ ಆಡಳಿತ ಗಂಡನ ಕೈಗೆ. ಒಂದು ಮಗು ಜೀವಂತ ಹುಟ್ಟಿ ನಾಲ್ಕು ಗೋಡೆಯ ನಡುವೆ ಅತ್ತ ಸದ್ದು ಕೇಳಿದರೆ ಸಾಕು, ಹೆಂಡತಿ ಸತ್ತರೂ ಅವಳ ತವರಿನ ಜಮೀನನ್ನು ಗಂಡ ತಾನು ಸಾಯುವ ತನಕ ಉಣ್ಣಬಹುದು. ಆ ಮಗು ಮರುದಿನ ಹೋದರೂ ಸರಿ. ಈಗ ಹೇಳಿ, ದಂಡ ಕಟ್ಟಿ ಈ ವ್ಯವಹಾರ ಮಾಡಲು ಯಾರು ಹಿಂದೆಗೆಯುತ್ತಾರೆ? ಇವಳ ಅಕ್ಕ ಎಲಿನರ್‌ಳನ್ನು 1329ರಲ್ಲಿ ಒಬ್ಬ ಹೀಗೇ ಎತ್ತಿಕೊಂಡು ಹೋದ. ಮಾರ್ಗರೆಟ್‌ಳ ಮಗಳನ್ನು 1336ರಲ್ಲಿ ಇನ್ನೊಬ್ಬ. ಇಡೀ ವಂಶಕ್ಕೇ ಕಾಲ್ಗುಣ ಸರಿಯಿರಲಿಲ್ಲವೋ ಏನೋ!

ಥಿಯೋಬಾಲ್ಡ್ ಅದೇ ಜುಲೈ 27ಕ್ಕೆ ಸತ್ತ. ಆರು ತಿಂಗಳೂ ತುಂಬದ ದಾಂಪತ್ಯ. ಆದರೆ ಗಂಡನ ಜಮೀನಿನಲ್ಲಿ ಮೂರನೇ ಒಂದು ಪಾಲು ವಿಧವೆಗೆ ಜೀವನಪರ್ಯಂತ ಸಲ್ಲಬೇಕು, ಮದುವೆ ಎಷ್ಟು ದಿನದ್ದು ಅಂತ ಯಾರೂ ಕೇಳುವ ಹಾಗಿಲ್ಲ. ಆರು ತಿಂಗಳಿಗಿಂತ ಕಡಿಮೆ ಸಂಸಾರ ಮಾಡಿ ಇವಳು ಆ ಪಾಲನ್ನು ನಲವತ್ತನಾಲ್ಕು ವರ್ಷ ಅನುಭವಿಸಿದಳು. ವರ್ಡನ್‌ನ ನಾಲ್ಕು ಹೆಣ್ಣುಮಕ್ಕಳು ಮಿಕ್ಕಿದ್ದರಲ್ಲಿ ಹಂಚಿಕೊಂಡು ಬಾಯಿ ಮುಚ್ಚಿಕೊಂಡಿರಬೇಕಾಯಿತು. (ಇದನ್ನು ಓದಿದಾಗಲೆಲ್ಲ ನನಗೆ ಒಂದು ನಗು ಬರುತ್ತೆ. ಕೆಟ್ಟ ನಗು. ಒಪ್ಪಿಕೊಳ್ಳುತ್ತೇನೆ.)

ನಾಲ್ಕು ಅಂದೆನಲ್ಲ, ನಾಲ್ಕನೆಯವಳು ಎಲಿಜಬೆತ್‌ಳ ಹೊಟ್ಟೆಯಲ್ಲಿದ್ದಳು. ಬಸುರಿ ವಿಧವೆ ಏಮ್ಸ್‌ಬರಿ ಮಠ ಸೇರಿಕೊಂಡಳು, ಅಲ್ಲಿ ಚಿಕ್ಕಮ್ಮ ಮೇರಿ ಸನ್ಯಾಸಿನಿ. 1317ರ ಮಾರ್ಚ್ 21ರಂದು ಮಗಳು ಇಸಬೆಲ್ಲಾ ಹುಟ್ಟಿದಳು. ಸೋದರಮಾವ ಕಾಯುತ್ತಿದ್ದ. ಅವನ ಆಸ್ಥಾನದಲ್ಲಿ ರೋಜರ್ ಡಾಮರಿ ಅನ್ನುವ ಮೆಚ್ಚಿನ ನೈಟ್ ಒಬ್ಬನಿದ್ದ, ಹೇಳಿಕೊಳ್ಳುವಂಥ ಆಸ್ತಿಪಾಸ್ತಿ ಇಲ್ಲದವನು. ಬಾಣಂತನ ಸರಿಯಾಗಿ ಮುಗಿಯುವ ಮೊದಲೇ, ಮೇ ತಿಂಗಳ ಮೊದಲ ವಾರದೊಳಗೆ, ಅವನ ಜೊತೆ ಮೂರನೇ ಮದುವೆ ಆಗಿಹೋಗಿತ್ತು. ಏಪ್ರಿಲ್ 28ಕ್ಕೆ ಅಕ್ಕ ಮಾರ್ಗರೆಟ್‌ಳನ್ನು ಇನ್ನೊಬ್ಬ ಮೆಚ್ಚಿನವನು ಹ್ಯೂ ಆಡ್ಲಿಗೆ ಕೊಟ್ಟ. ದೊಡ್ಡಕ್ಕ ಎಲಿನರ್ ಮೊದಲೇ ಹ್ಯೂ ಡಿಸ್ಪೆನ್ಸರನ ಹೆಂಡತಿ. ಮೂರೂ ಅಳಿಯಂದಿರು ಅಣಿಯಾದ ಮೇಲೆ, ನವೆಂಬರಿನಲ್ಲಿ ಪಾಲು! ಮೂರು ವರ್ಷ ಆಗದ ಕೆಲಸ ಆಗ ಆಯಿತು. ನಮ್ಮಲ್ಲಿ ಸೋದರಮಾವ ಹುಡುಗಿಯನ್ನು ಎತ್ತಿಕೊಂಡು ಮಂಟಪಕ್ಕೆ ತರುತ್ತಾನೆ. ಈ ಸೋದರಮಾವ ಆಸ್ತಿಯನ್ನೇ ಎತ್ತಿಕೊಂಡು ತಂದ.

"ಕಾನೂನು ವಿಧವೆಯರಿಗೆ ರಕ್ಷಣೆ ಕೊಟ್ಟಿತ್ತಲ್ಲ, ಮ್ಯಾಗ್ನಾ ಕಾರ್ಟಾದಲ್ಲೇ ಇದೆ" ಅಂತ ಯಾರಾದರೂ ಬರುತ್ತೀರಿ, ಗೊತ್ತು. ಇದೆ, ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಆ ಹಳೇ ಸನ್ನದಿನ ಏಳನೇ ಮತ್ತು ಎಂಟನೇ ಕಲಮು. ವಿಧವೆಗೆ ತವರಿನ ಆಸ್ತಿ ತಡವಿಲ್ಲದೆ ಸಿಗಬೇಕು. ಗಂಡ ಸತ್ತ ಮೇಲೆ ನಲವತ್ತು ದಿನ ಅವನ ಮನೆಯಲ್ಲಿರಬಹುದು, ಅಷ್ಟರೊಳಗೆ ಮೂರನೇ ಒಂದು ಪಾಲು ಗುರುತು ಮಾಡಿಕೊಡಬೇಕು. ಬಲವಂತದ ಮರುಮದುವೆ ಕೂಡದು. ಬಹಳ ಚೆನ್ನಾಗಿದೆ. ಅದೇ ಕಲಮಿನ ಬಾಲ ಓದಿದ್ದೀರಾ? ರಾಜನಿಂದ ನೇರ ಜಮೀನು ಪಡೆದವಳಾದರೆ ಅವನ ಒಪ್ಪಿಗೆ ಇಲ್ಲದೆ ಮದುವೆಯಾಗುವುದಿಲ್ಲ ಅಂತ ಜಾಮೀನು ಕೊಡಬೇಕು. ಬೇಡ ಅನ್ನುವ ಹಕ್ಕು ಅವಳದು, ಯಾರು ಅನ್ನುವ ಹಕ್ಕು ಅವನದು. ಹಂಚಿಕೆಯ ಕಡತ ಅವನ ಮೇಜಿನ ಮೇಲೆಯೇ ಇರುವಾಗ ಬೇಡ ಅಂದು ನೋಡಿ.

ಪಾಲಿನಲ್ಲಿ ಇವಳಿಗೆ ಬಂದದ್ದು ಸಫೋಕ್‌ನ ಕ್ಲೇರ್, ಎಸೆಕ್ಸ್‌ನ ಬಾರ್ಡ್‌ಫೀಲ್ಡ್, ಡಾರ್ಸೆಟ್‌ನ ಕ್ರಾನ್‌ಬೋರ್ನ್, ವೇಲ್ಸ್‌ನ ಅಸ್ಕ್. ಜೊತೆಗೆ ಐರ್ಲೆಂಡಿನಲ್ಲೂ ಒಂದಷ್ಟು. ಎಕರೆ ಲೆಕ್ಕದಲ್ಲಿ ಹಂಚುತ್ತಿರಲಿಲ್ಲ. ಸ್ವಂತ ಸಾಗುವಳಿ ಎಷ್ಟು, ಗಿರಣಿಯ ಆದಾಯ ಎಷ್ಟು, ಗೇಣಿ ಎಷ್ಟು, ಊರ ನ್ಯಾಯಾಲಯದ ದಂಡದಿಂದ ಎಷ್ಟು ಅಂತ ಹುಟ್ಟುವಳಿ ಕಟ್ಟಿ ಸರಿತೂಗಿಸುತ್ತಿದ್ದರು. ಅದಕ್ಕೇ ಒಬ್ಬೊಬ್ಬರ ಪಾಲು ದೇಶದ ತುಂಬ ಚೆಲ್ಲಾಪಿಲ್ಲಿ. ಭಾವ ಡಿಸ್ಪೆನ್ಸರ್‌ಗೆ ಗ್ಲಾಮೋರ್ಗನ್ ಬಂತು. ಪಕ್ಕದ ಜಮೀನೆಲ್ಲ ತನಗೇ ಬೇಕು ಅನ್ನುವ ಭಾವಂದಿರನ್ನು ನೀವೂ ಕಂಡಿರುತ್ತೀರಿ. ಇವನು ಮೊದಲು ಆಡ್ಲಿಯ ಪಾಲಿಗೆ ಕೈಹಾಕಿದ. 1321ರಲ್ಲಿ ವೇಲ್ಸ್ ಗಡಿಭಾಗದ ಒಡೆಯರೆಲ್ಲ ಇವನ ಮೇಲೆ ತಿರುಗಿಬಿದ್ದರು, ಡಾಮರಿಯೂ ಸೇರಿದ. ಸೋತರು. 1322ರ ಮಾರ್ಚ್ 12ರಂದು ಡಾಮರಿ ಟಟ್‌ಬರಿಯಲ್ಲಿ ಸತ್ತ. ಎಲಿಜಬೆತ್‌ಳನ್ನು ಅಸ್ಕ್‌ನಲ್ಲಿ ಹಿಡಿದು ಮಕ್ಕಳ ಸಮೇತ ಬಾರ್ಕಿಂಗ್ ಮಠಕ್ಕೆ ಕಳಿಸಿದರು. ವಯಸ್ಸು ಇಪ್ಪತ್ತಾರು.

ಗಂಡ ರಾಜದ್ರೋಹ ಮಾಡಿದರೆ ಗಂಡನ ಜಮೀನು ಹೋಗುತ್ತೆ, ಸರಿ. ಹೆಂಡತಿಯ ತವರಿನ ಪಾಲು ಹೋಗುವ ಹಾಗಿಲ್ಲ, ಹಿಂದಿರುಗಿಸಲೇಬೇಕು. ಭಾವ ಇದಕ್ಕೂ ದಾರಿ ಹುಡುಕಿದ. ಅಸ್ಕ್ ಬಿಟ್ಟುಕೊಡು, ಬದಲಿಗೆ ವೇಲ್ಸ್‌ನದೇ ಗೋವರ್ ತಗೋ, ಇಲ್ಲದಿದ್ದರೆ ಯಾವುದೂ ಇಲ್ಲ. ಗೋವರ್‌ನ ಆದಾಯ ಅಸ್ಕ್‌ಗಿಂತ ಬಹಳ ಕಡಿಮೆ. ಬರೆದುಕೊಟ್ಟಳು. ಆಮೇಲೆ ಯಾರ್ಕ್‌ನಲ್ಲಿ ಇವಳ ಸಲಹೆಗಾರರನ್ನು ದೂರ ಇಟ್ಟು ಇನ್ನೊಂದು ಪತ್ರಕ್ಕೆ ಮೊಹರು ಹಾಕಿಸಿದರು: ರಾಜನ ಒಪ್ಪಿಗೆ ಇಲ್ಲದೆ ಮದುವೆ ಇಲ್ಲ, ಜಮೀನು ಪರಭಾರೆ ಇಲ್ಲ. ಅದೂ ಸಾಲದೆ ಗೋವರ್‌ನ ಹಳೆಯ ಒಡೆಯ ವಿಲಿಯಂ ಡಿ ಬ್ರೇಯೋಸ್‌ನಿಂದ ಇವಳ ಮೇಲೆ ದಾವೆ ಹಾಕಿಸಿ, ಅವನು ಗೆದ್ದ ಮೇಲೆ ಆ ಗೋವರ್ ಕೂಡ ಡಿಸ್ಪೆನ್ಸರ್ ಮನೆಗೇ ಸೇರುವ ಹಾಗೆ ಮಾಡಿದರು. ಅಸ್ಕೂ ಹೋಯಿತು, ಗೋವರೂ ಹೋಯಿತು. ಇಷ್ಟು ಅಚ್ಚುಕಟ್ಟಾದ ಕಬಳಿಕೆಯನ್ನು ನಮ್ಮೂರಿನ ಘಟಾನುಘಟಿಗಳೂ ಕೈಕಟ್ಟಿ ನೋಡಬೇಕು.

ಇದೆಲ್ಲ ಗೊತ್ತಾಗಿರುವುದು ಹೇಗೆ? ಅವಳೇ ಬರೆಸಿಟ್ಟಳು! 1326ರ ಮೇ ತಿಂಗಳಲ್ಲಿ, ಡಿಸ್ಪೆನ್ಸರ್ ಇನ್ನೂ ಮೆರೆಯುತ್ತಿರುವಾಗಲೇ, ಕ್ಲೇರ್‌ನಲ್ಲಿ ಗುಟ್ಟಾಗಿ ನೋಟರಿಯನ್ನು ಕೂರಿಸಿಕೊಂಡು ಎಲ್ಲಿ ಹಿಡಿದರು, ಎಲ್ಲಿ ಇಟ್ಟರು, ಏನು ಹೇಳಿ ಹೆದರಿಸಿದರು ಅಂತ ದಾಖಲೆ ಮಾಡಿಸಿದಳು. ಕಾರಣ ಸರಳ. ಬೆದರಿಕೆಯಿಂದ ಪಡೆದ ಬಿಡುಗಡೆ ಪತ್ರವನ್ನು ಮುಂದೆ ರದ್ದು ಮಾಡಿಸಬೇಕಾದರೆ, ಒಪ್ಪಿಗೆ ಇರಲಿಲ್ಲ ಅನ್ನುವುದಕ್ಕೆ ಆ ಕಾಲದ್ದೇ ಪುರಾವೆ ಬೇಕು. ಸಿಕ್ಕಿಬಿದ್ದಿದ್ದರೆ ಗತಿ ಏನು? ಆರು ತಿಂಗಳಿಗೆ, ನವೆಂಬರ್ 24ಕ್ಕೆ, ಭಾವನನ್ನು ಹೆರಿಫರ್ಡ್‌ನಲ್ಲಿ ಗಲ್ಲಿಗೇರಿಸಿದರು. ಅಸ್ಕ್ ವಾಪಸ್ ಬಂತು. ರೀಲ್ಸ್ ಮಾಡಿದ ಮಹಾನುಭಾವನಿಗೆ ಈ ಪತ್ರ ಕಣ್ಣಿಗೆ ಬೀಳಲಿಲ್ಲ, ಮೂರು ಹೆಣ ಮಾತ್ರ ಕಂಡವು.

"ಶ್ರೀಮಂತರ ಮನೆ ಹೆಂಗಸು, ಅವಳಿಗೇನು ಕಷ್ಟ, ಬಡ ರೈತನ ಹೆಂಡತಿಯ ಬಗ್ಗೆ ಬರೀರಿ" ಅನ್ನುವವರಿಗೆ: ಬರೆಯೋಣ. ಆದರೆ ರಾಜನ ಸೋದರ ಸೊಸೆಯ ಗತಿಯೇ ಇದು ಅಂತ ಗೊತ್ತಾದ ಮೇಲೆ.

ಮೂರೂ ಗಂಡಂದಿರ ಕಾಲ ಕೂಡಿಸಿದರೆ ಹೆಚ್ಚುಕಡಿಮೆ ಹತ್ತು ವರ್ಷ. ಕೊನೆಯವನು ಸತ್ತ ಮೇಲೆ ಅವಳು ಬದುಕಿದ್ದು ಮೂವತ್ತೆಂಟು ವರ್ಷ, 1360ರ ನವೆಂಬರ್ 4ರವರೆಗೆ. ಮತ್ತೆ ಮದುವೆಯಾಗಲಿಲ್ಲ. ರೀಲ್ಸ್‌ನಲ್ಲಿ ಈ ಮೂವತ್ತೆಂಟು ವರ್ಷಕ್ಕೆ ಸಿಕ್ಕಿದ್ದು "ಕೊನೆಗೆ ಒಂಟಿಯಾಗಿ ಸತ್ತಳು" ಅನ್ನುವ ಒಂದೇ ಸಾಲು. ಒಂಟಿಯಂತೆ! ಅವಳ ಮನೆವಾರ್ತೆಯ ಲೆಕ್ಕದ ಸುರುಳಿಗಳೇ ನೂರಕ್ಕೂ ಹೆಚ್ಚು ಉಳಿದಿವೆ. ರೊಟ್ಟಿಯ ಉಗ್ರಾಣ, ಬಿಯರಿನ ಉಗ್ರಾಣ, ಅಡುಗೆಮನೆ, ಕುದುರೆ ಲಾಯ, ಎಲ್ಲದಕ್ಕೂ ಬೇರೆಬೇರೆ ದಿನವಹಿ. ಕೇಂಬ್ರಿಡ್ಜ್‌ನಲ್ಲಿ ಬಡವಾಗಿ ಬಿದ್ದಿದ್ದ ಒಂದು ವಿದ್ಯಾರ್ಥಿ ನಿಲಯವನ್ನು 1338ರಲ್ಲಿ ಕೈಗೆ ತೆಗೆದುಕೊಂಡು 1359ರಲ್ಲಿ ಅದಕ್ಕೆ ನಿಯಮಾವಳಿ ಬರೆಸಿಕೊಟ್ಟಳು. ಅದೇ ಇವತ್ತಿನ ಕ್ಲೇರ್ ಕಾಲೇಜು. ಮಗ ವಿಲಿಯಂ 1333ರಲ್ಲಿ ಐರ್ಲೆಂಡಿನಲ್ಲಿ ಕೊಲೆಯಾದ. ಅವನ ಒಬ್ಬಳೇ ಮಗಳನ್ನು ಮೂರನೇ ಎಡ್ವರ್ಡ್ ತನ್ನ ಮಗ ಲಯನೆಲ್‌ಗೆ ತಂದುಕೊಂಡ. ಅವನಿಗೆ ಕೊಟ್ಟ ಡ್ಯೂಕ್ ಆಫ್ ಕ್ಲಾರೆನ್ಸ್ ಪದವಿಯ ಹೆಸರು ಹುಟ್ಟಿದ್ದು ಈ ಕ್ಲೇರ್‌ನಿಂದಲೇ.

ಇವಳು ಕೊನೆಯ ತನಕ ಉಳಿಸಿಕೊಂಡದ್ದು ಮೊದಲ ಗಂಡನ ಹೆಸರು, ಡಿ ಬರ್ಗ್. ಕಾಲೇಜಿನ ಲಾಂಛನದಲ್ಲೂ ಒಂದು ಬದಿಗೆ ತವರಿನ ಕ್ಲೇರ್ ಪಟ್ಟೆಗಳು, ಇನ್ನೊಂದು ಬದಿಗೆ ಡಿ ಬರ್ಗ್ ಶಿಲುಬೆ, ಸುತ್ತ ಕಪ್ಪು ಅಂಚಿನ ಮೇಲೆ ಚಿನ್ನದ ಹನಿಗಳು. ಆ ಹನಿಗಳನ್ನು ಕಣ್ಣೀರು ಅನ್ನುತ್ತಾರೆ. ಇರಲಿ.

ಅಂದಹಾಗೆ, ಆ ರೀಲ್ಸ್‌ನಲ್ಲಿ ಉದ್ದಕ್ಕೂ ತೋರಿಸಿದ ಚಿತ್ರ ಇವಳದ್ದಲ್ಲ. ಅದು ರಾಬರ್ಟ್ ಬ್ರೂಸ್‌ನ ರಾಣಿಯದು. ಅವಳ ಹೆಸರೂ ಎಲಿಜಬೆತ್ ಡಿ ಬರ್ಗ್, ಇವಳಿಗೆ ನಾದಿನಿ ಆಗಬೇಕು, ಅವಳಿಗಿದ್ದದ್ದು ಒಬ್ಬನೇ ಗಂಡ. ಕಾಲ್ಗುಣ ಸರಿಯಿಲ್ಲ ಅಂತ ಅಷ್ಟು ಜನ ಬೈದದ್ದು ಆ ಮುಖಕ್ಕೆ.