ಜಂಪರ್ ಪುರಾಣ

ಸೆಪ್ಟೆಂಬರ್ ಮೊದಲ ವಾರದಲ್ಲಿ ಇಂಗ್ಲೆಂಡಿನ ಶಾಲೆಗಳು ಶುರುವಾಗುತ್ತವೆ. ಮೂರನೆಯ ವಾರದಲ್ಲಿ ನನ್ನ ಮಗಳ ಜಂಪರ್ ಕಳೆಯುತ್ತದೆ. ಮೊದಲನೆಯದು ಶಾಲೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿರುತ್ತದೆ. ಎರಡನೆಯದನ್ನು ನಾವೇ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು.

ಜಂಪರ್ ಎಂದರೆ ಬೇರೇನೂ ಅಲ್ಲ, ನಮ್ಮ ಸ್ವೆಟರೇ. ಬರ್ಮಿಂಗ್‌ಹ್ಯಾಮಿನ ಹೊರವಲಯದ ಈ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯಲ್ಲಿ ಅದರ ಬಣ್ಣ ಕಡುಗೆಂಪು, ಎದೆಯ ಮೇಲೆ ಪುಟ್ಟ ಶಿಲುಬೆಯ ಲಾಂಛನ. ತರಗತಿಗೆ 30 ಮಕ್ಕಳಂತೆ 7 ತರಗತಿ. ಅಂದರೆ 210 ಜಂಪರ್‌ಗಳು, ಎಲ್ಲವೂ ಅವಳಿಜವಳಿ. ಈ ದೇಶದ ಸೆಪ್ಟೆಂಬರ್ ನಂಬಿಕಸ್ಥ ತಿಂಗಳಲ್ಲ. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಗೇಟಿನಲ್ಲಿ ನಿಂತಾಗ ಕೈ ಜೇಬಿಗೆ ಹೋಗುವಷ್ಟು ಚಳಿ, ಹನ್ನೆರಡಕ್ಕೆ ಬೆವರಿಳಿಯುವ ಬಿಸಿಲು. ಮಕ್ಕಳು ಜಂಪರ್ ಬಿಚ್ಚುತ್ತಾರೆ. ಬಿಚ್ಚಿದ್ದನ್ನು ಬೇಲಿಗೆ ನೇತುಹಾಕುತ್ತಾರೆ, ಫುಟ್‌ಬಾಲಿನ ಗೋಲು ಕಂಬ ಮಾಡುತ್ತಾರೆ, ಹಾರ್ಸ್ ಚೆಸ್ಟ್‌ನಟ್ ಮರದ ಕೆಳಗೆ ಬಿದ್ದ ಕಂದು ಬೀಜಗಳನ್ನು ಅದರಲ್ಲಿ ಗಂಟು ಕಟ್ಟುತ್ತಾರೆ. ಆ ಬೀಜಕ್ಕೆ ಕಾಂಕರ್ ಎಂದು ಹೆಸರು. ಎಣ್ಣೆ ತಿಕ್ಕಿದ ಹಾಗೆ ಹೊಳೆಯುತ್ತದೆ, ತಿನ್ನಲು ಬರುವುದಿಲ್ಲ, ಮನೆಗೆ ತಂದ ಮೂರನೆಯ ದಿನಕ್ಕೆ ಹೊಳಪೂ ಹೋಗುತ್ತದೆ. ಆದರೂ ನನ್ನ ಕೋಟಿನ ಜೇಬಿನಲ್ಲಿ ಈಗಲೂ ನಾಲ್ಕಿವೆ. ಎಸೆಯಲು ಅನುಮತಿ ಸಿಕ್ಕಿಲ್ಲ.

ಹೀಗಾಗಿ ಹೆಸರಿನ ಚೀಟಿ ಕಡ್ಡಾಯ. ಆಗಸ್ಟ್ ಮುಗಿಯುತ್ತಿದ್ದಂತೆ ತಂದೆತಾಯಂದಿರು ಇಸ್ತ್ರಿ ಪೆಟ್ಟಿಗೆ ಹಿಡಿದು ಕೂರುತ್ತಾರೆ. ಒಂದು ಪ್ಯಾಕೆಟ್ಟಿನಲ್ಲಿ 50 ಚೀಟಿ. ಬಟ್ಟೆಯ ಮೇಲಿಟ್ಟು ಬಿಸಿ ಒತ್ತಿದರೆ ಅಂಟಿಕೊಳ್ಳುತ್ತದೆ. ನನ್ನ ಮಗಳ ಸ್ವಂತ ಹೆಸರು ಎರಡಕ್ಷರದ್ದು, ಅದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಅದರ ಬಾಲದಲ್ಲಿ. ಮೈಸೂರು ಸೀಮೆಯ ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಕಡಿಮೆ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇದ್ದರೆ ಜೀವನ ಸಾಗುತ್ತದೆ. ಪಾಸ್‌ಪೋರ್ಟಿನ ಅರ್ಜಿ ತುಂಬುವಾಗ ಸರ್‌ನೇಮ್ ಎಂಬ ಜಾಗ ಬಾಯಿ ತೆರೆದುಕೊಂಡು ಕುಳಿತಿತ್ತು. ಖಾಲಿ ಬಿಡಲು ಧೈರ್ಯ ಸಾಲದೆ ಅಪ್ಪನ ಇನಿಷಿಯಲ್ಲನ್ನು ಬಿಡಿಸಿ ಪೂರ್ತಿ ಹೆಸರನ್ನು ಬರೆದುಬಿಟ್ಟೆ. ಅಂದಿನಿಂದ ಇಲ್ಲಿಯ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ನನ್ನನ್ನು ಮಿಸ್ಟರ್ ಸೇರಿಸಿ ಅಪ್ಪನ ಹೆಸರಿನಿಂದ ಕರೆಯುತ್ತಾರೆ. ಮೊದಮೊದಲು ಅಪ್ಪ ಎಲ್ಲಾದರೂ ಹಿಂದೆ ನಿಂತಿದ್ದಾರೆಯೇ ಎಂದು ತಿರುಗಿ ನೋಡುತ್ತಿದ್ದೆ. ಅದೇ ಹೆಸರು ಮಗಳಿಗೂ ಇಳಿಯಿತು. ಕನ್ನಡದಲ್ಲಿ ಆರಕ್ಷರ, ಇಂಗ್ಲಿಷಿನಲ್ಲಿ ಹದಿನೈದು. ಚೀಟಿಯ ಮೇಲೆ ಆ ಹದಿನೈದೂ ಜಾತ್ರೆ ಬಸ್ಸಿನ ಜನರ ಹಾಗೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ನಿಂತವು.

"ಎರಡನೆಯದು ಯಾರ ಹೆಸರು?" ಎಂದು ಮಗಳು ಇಸ್ತ್ರಿಯ ಹಬೆಯಾಚೆಯಿಂದ ಕೇಳಿದಳು.

"ತಾತನದು" ಎಂದೆ.

"ತಾತನ ಹೆಸರು ತಾತ ಅಲ್ಲವಾ?"

ಅಪ್ಪ ಕೆ.ಆರ್. ನಗರ ತಾಲ್ಲೂಕಿನ ಭತ್ತದ ಗದ್ದೆಯವರು. ಮೊಟ್ಟೆಯನ್ನೂ ಮುಟ್ಟದ ಮನೆ. ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿದರೆ ಅದೇ ದೊಡ್ಡದು. ಎರಡನೆಯ ದಿನ ಬೆಳಗಾಗುತ್ತಿದ್ದಂತೆ "ನಾಲೆ ನೀರಿನ ಸರದಿ ನಮ್ಮದು" ಎಂದು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಡುತ್ತಿದ್ದರು. ನಾಲೆಯಲ್ಲಿ ಹನಿ ನೀರಿಲ್ಲದ ಏಪ್ರಿಲಿನಲ್ಲೂ ಅವರ ಸರದಿ ತಪ್ಪುತ್ತಿರಲಿಲ್ಲ. ಇಂಗ್ಲೆಂಡಿಗೆ ಬನ್ನಿ ಎಂದು ಕರೆದಾಗಲೂ ಅದೇ ಉತ್ತರ. ಎರಡು ವರ್ಷದ ಹಿಂದೆ ಹೋದರು, ಪಾಸ್‌ಪೋರ್ಟ್ ಮಾಡಿಸದೆ.

ಮಗಳು ಈ ಶಾಲೆಗೆ ಸೇರಿದ ದಿನದಿಂದ ಊರಿನ ಫೋನುಗಳು ಒಂದೇ ಪ್ರಶ್ನೆ ಕೇಳುತ್ತವೆ: ಅಲ್ಲಿ ನಮ್ಮವರನ್ನು ಸೇರಿಸಿಕೊಳ್ಳುತ್ತಾರೆಯೇ? ಕ್ಯಾಥೊಲಿಕ್ ಮಕ್ಕಳಿಗೆ ಮೊದಲ ಆದ್ಯತೆ ಕೊಟ್ಟು ಮಿಕ್ಕ ಸೀಟಿದ್ದರೆ ಸೇರಿಸಿಕೊಳ್ಳಲೇಬೇಕು. ನಾವು ಆ ಮಿಕ್ಕವರು. ಫೀಸಿಲ್ಲ, ಇಂಗ್ಲೆಂಡಿನಲ್ಲಿ ಸರ್ಕಾರ ಹಣ ಕೊಡುವ ಶಾಲೆಗಳಲ್ಲಿ ಸುಮಾರು ಹತ್ತಕ್ಕೊಂದು ಕ್ಯಾಥೊಲಿಕ್ ಶಾಲೆಯೇ. ಬರಗಾಲಕ್ಕೆ ಊರು ಬಿಟ್ಟು ಬಂದ ಐರಿಷ್ ಕೂಲಿಕಾರರ ಮಕ್ಕಳಿಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥವು ಎಷ್ಟೋ ಎದ್ದವು. 1852ರಲ್ಲಿ ಇಲ್ಲಿಯ ಬಿಷಪ್ಪರು ಸಭೆ ಸೇರಿ, ಚರ್ಚ್ ಕಟ್ಟುವುದಕ್ಕಿಂತ ಮೊದಲು ಶಾಲೆ ಕಟ್ಟಿ, ಬೇಕಿದ್ದರೆ ಅಲ್ಲಿಯೇ ಪೂಜೆಯನ್ನೂ ನಡೆಸಬಹುದು ಎಂದರು. ದೇವರು ಸ್ವಲ್ಪ ಕಾಯಬಹುದು, ಅಕ್ಷರ ಕಾಯಲಾರದು ಎಂಬ ಈ ಲೆಕ್ಕಾಚಾರ ನನಗೆ ಬಹಳ ಇಷ್ಟ. ಈಗ ಐರಿಷರ ಜಾಗದಲ್ಲಿ ಪೋಲೆಂಡ್, ನೈಜೀರಿಯಾ, ಫಿಲಿಪೀನ್ಸ್, ಕೇರಳ ಕುಳಿತಿವೆ. ಹಾಜರಿ ಪಟ್ಟಿಯಲ್ಲಿ ಅಪ್ಪಟ ಇಂಗ್ಲಿಷ್ ಹೆಸರೆಂದು ನಾನು ಎಣಿಸಿದ್ದ ಮೂವರೂ ಕೊನೆಗೆ ಮಲಯಾಳಿಗಳೆಂದು ತಿಳಿಯಿತು. ಮಂಗಳೂರಿನ ಒಂದು ಕುಟುಂಬವೂ ಇದೆ. ಆ ತಾಯಿ ಆಸ್ಪತ್ರೆಯಲ್ಲಿ ನರ್ಸ್, ಮನೆಯಲ್ಲಿ ಕೊಂಕಣಿ, ಗೇಟಿನಲ್ಲಿ ನನ್ನ ಜತೆ ಕನ್ನಡ.

ಜಂಪರಿಗೆ ಬರೋಣ. ಕಳೆದದ್ದು ಒಂದು ಮಂಗಳವಾರ. ಬುಧವಾರ ನಾನು ಕಳೆದ ಸಾಮಾನುಗಳ ಪೆಟ್ಟಿಗೆಯ ಮುಂದೆ ಮಂಡಿಯೂರಿದೆ. ಆಳೆತ್ತರದ ಪ್ಲಾಸ್ಟಿಕ್ ಡಬ್ಬ ಅದು. ಮೇಲಿನ ಪದರದಲ್ಲಿ ಈ ವಾರದ ಜಂಪರ್‌ಗಳು, ಅದರ ಕೆಳಗೆ ಒಂಟಿ ಕೈಗವಸು, ನೀರಿನ ಬಾಟಲಿ, ಇನ್ನೂ ಕೆಳಗೆ ಹೋದರೆ ಬಾಳೆಹಣ್ಣೊಂದು ಕಪ್ಪಗಾಗಿ ಪುರಾತತ್ವ ಇಲಾಖೆಯ ವ್ಯಾಪ್ತಿಗೆ ಬರುವಂತಿತ್ತು. ಕತ್ತುಪಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ಓದಿದೆ. ನಮ್ಮದು ಮಾತ್ರ ಇರಲಿಲ್ಲ.

ಮಗಳಿಗೆ ಚಿಂತೆಯಿರಲಿಲ್ಲ. ತರಗತಿಯ ಸಹಾಯಕಿ ಸಂತ ಅಂತೋನಿಗೆ ಒಪ್ಪಿಸಿದ್ದಾರಂತೆ. ಕಳೆದ ವಸ್ತುಗಳನ್ನು ಹುಡುಕಿಕೊಡುವುದು ಕ್ಯಾಥೊಲಿಕರಲ್ಲಿ ಅವನ ಖಾತೆ. 1231ರಲ್ಲಿ ಇಟಲಿಯ ಪಡುವಾದ ಬಳಿ ತೀರಿಕೊಂಡ ಈ ಸಂತನ ಕೀರ್ತನೆಗಳ ಪುಸ್ತಕವನ್ನು ಒಮ್ಮೆ ಯಾರೋ ಶಿಷ್ಯ ಹೊತ್ತೊಯ್ದು, ಪ್ರಾರ್ಥನೆಯ ಫಲವಾಗಿ ಮರಳಿ ತಂದನೆಂದು ಕಥೆ. ಮಗಳು ಇದನ್ನು ನನಗೆ ಹೊಸ ವಿಷಯವೆಂಬಂತೆ ಹೇಳಿದಳು. ನಾನು ನಗುವುದನ್ನು ತಡೆದುಕೊಂಡೆ. ನಮ್ಮ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಇರುವವನು ಇದೇ ಅಂತೋನಿ. ಹೊಲ ಉಳುವಾಗ ರೈತನ ನೇಗಿಲಿಗೆ ಮೂರ್ತಿ ಸಿಕ್ಕಿತೆಂದು ಅಲ್ಲಿಯ ಐತಿಹ್ಯ. ಜೂನ್ 13ರ ಹಬ್ಬಕ್ಕೆ ಯಾವ ಜಾತಿಯೆಂದು ಕೇಳದೆ ಜನ ಸೇರುತ್ತಾರೆ. ನಾನು ಹುಡುಗನಾಗಿದ್ದಾಗ ನಮ್ಮ ಎಮ್ಮೆ ಕಳೆದು, ಮೂರು ದಿನ ಹುಡುಕಿ ಸೋತ ಅಪ್ಪ ಹಣೆಯ ತುಂಬ ವಿಭೂತಿ ಬಳಿದುಕೊಂಡೇ ಡೋರ್ನಹಳ್ಳಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದಿದ್ದರು. ಎಮ್ಮೆ ಸಿಕ್ಕಿತು. ಆದರೆ ಎಮ್ಮೆಗೆ ಅವಳಿಜವಳಿ ಇರಲಿಲ್ಲ, ಇಲ್ಲಿ ಸಂತನಿಗೆ 210ರಲ್ಲಿ ಒಂದನ್ನು ಹುಡುಕುವ ಕೆಲಸ. ಎರಡು ವಾರ ಕಾದು ಹೊಸ ಜಂಪರ್ ಕೊಂಡೆ, ಇನ್ನೊಂದು ಚೀಟಿ ಅಂಟಿಸಿದೆ.

ಅಕ್ಟೋಬರ್ ಜಪಮಾಲೆಯ ತಿಂಗಳು, ಸುಗ್ಗಿ ಹಬ್ಬದ ತಿಂಗಳು. ಸುಗ್ಗಿ ಎಂದಾಗ ನಾನು ತೆನೆ, ರಾಶಿ ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ಮಂಗಳೂರಿನ ತಾಯಿಗೂ ಅದೇ ನಿರಾಸೆ: ಅವರ ಊರಿನಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಹೂವು ಹೊತ್ತು ಹೋಗುತ್ತಾರೆ, ಹೊಸ ಭತ್ತದ ತೆನೆ ಮನೆಗೆ ಬರುತ್ತದೆ, ಅಂದು ಮೀನು ಮಾಂಸವಿಲ್ಲದೆ ಬರೀ ತರಕಾರಿ ಊಟ. ಇಲ್ಲಿ ಪೀಠದ ಮುಂದೆ ತವರದ ಡಬ್ಬಿಗಳ ಗೋಪುರ! ಬೇಯಿಸಿದ ಬೀನ್ಸ್, ಟೊಮೆಟೊ, ಸೂಪು. ಎಲ್ಲವೂ ಬಡವರಿಗೆ ಹಂಚುವ ಫುಡ್ ಬ್ಯಾಂಕಿಗೆ. ನಾವು ಕಾಬೂಲಿ ಕಡಲೆಯ ಎರಡು ಡಬ್ಬಿ ಕೊಟ್ಟೆವು. ಹಾಡು ಹಾಡುವಾಗ ಗೋಪುರದಿಂದ ಒಂದು ಉರುಳಿ ಪಾದ್ರಿಗಳ ಕಾಲಬಳಿ ನಿಂತಿತು. ಅದು ನಮ್ಮದೇ ಎಂದು ಮಗಳು ಎಲ್ಲರಿಗೂ ಕೇಳುವಂತೆ ಹೇಳಿದಳು.

ಶುಕ್ರವಾರ ಶಾಲೆಯ ಊಟಕ್ಕೆ ಮೀನು. ಮೊದಲ ಮೂರು ತರಗತಿಯ ಮಕ್ಕಳಿಗೆ 2014ರಿಂದ ಊಟ ಉಚಿತ, ಆದ್ದರಿಂದ ನಾವೂ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿಕೊಂಡಿದ್ದೇವೆ. ಯೇಸು ಮಡಿದ ವಾರವೆಂದು ಕ್ಯಾಥೊಲಿಕರು ಶುಕ್ರವಾರ ಮಾಂಸ ಬಿಡಬೇಕು. ಸಡಿಲಾಗಿದ್ದ ಈ ನೇಮವನ್ನು ಇಲ್ಲಿಯ ಬಿಷಪ್ಪರು 2011ರಲ್ಲಿ ಮತ್ತೆ ಬಿಗಿ ಮಾಡಿದರು. ಆದರೆ ಮೀನು ಮಾಂಸವಲ್ಲವಂತೆ. ಸೋಮವಾರ ಈರುಳ್ಳಿಯನ್ನೂ ಬಿಡುತ್ತಿದ್ದ ಅಪ್ಪನಿಗೆ ಇದನ್ನು ಫೋನಿನಲ್ಲಿ ಹೇಳಬೇಕಿತ್ತು. ಅರ್ಧ ಗಂಟೆ ನಗುತ್ತಿದ್ದರು.

ತಿಂಗಳ ಕೊನೆಯಲ್ಲಿ ಒಂದು ವಾರ ರಜೆ. ಅದೇ ಹೊತ್ತಿಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಸಂಜೆ ನಾಲ್ಕೂವರೆಗೆ ಬೀದಿದೀಪ. ನವೆಂಬರ್ 5ಕ್ಕೆ ಪಟಾಕಿ. 1605ರಲ್ಲಿ ಪಾರ್ಲಿಮೆಂಟಿನ ಕೆಳಗೆ ಸಿಡಿಮದ್ದಿಟ್ಟು ಸಿಕ್ಕಿಬಿದ್ದ ಗೈ ಫಾಕ್ಸ್ ಕ್ಯಾಥೊಲಿಕನೇ. ಅವನು ಸೋತ ಖುಷಿಗೆ ಕ್ಯಾಥೊಲಿಕ್ ಶಾಲೆಯ ಮಕ್ಕಳು ಸುರುಸುರುಬತ್ತಿ ಹಚ್ಚುತ್ತಾರೆ. ನಾವು ದೀಪಾವಳಿಯಲ್ಲಿ ಮಿಕ್ಕಿದ್ದನ್ನು ಅವರ ಜತೆ ಸೇರಿಸಿ ಖರ್ಚು ಮಾಡುತ್ತೇವೆ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ.

ನವೆಂಬರ್ ಅವರಿಗೆ ಸತ್ತವರ ತಿಂಗಳು. 1ನೇ ತಾರೀಕು ಸಕಲ ಸಂತರ ಹಬ್ಬ, ನಮಗೆ ರಾಜ್ಯೋತ್ಸವ. 2ನೇ ತಾರೀಕು ಅಗಲಿದ ಎಲ್ಲರ ಸ್ಮರಣೆ. 11ರಂದು ಯುದ್ಧದಲ್ಲಿ ಮಡಿದವರಿಗಾಗಿ ಎಲ್ಲರ ಎದೆಯ ಮೇಲೂ ಕಾಗದದ ಕೆಂಪು ಹೂವು, ಎರಡು ನಿಮಿಷ ಮೌನ. ಐದಾರು ವರ್ಷದ ಮೂವತ್ತು ಮಕ್ಕಳನ್ನು ಎರಡು ನಿಮಿಷ ಸುಮ್ಮನಿರಿಸುವ ಶಿಕ್ಷಕಿಗೆ ಯಾವ ಪದಕವನ್ನಾದರೂ ಕೊಡಬಹುದು.

ಮಗಳ ತರಗತಿಯ ಮೂಲೆಯಲ್ಲಿ ಒಂದು ಕುಂಡ, ಅದರಲ್ಲಿ ಎಲೆಯಿಲ್ಲದ ಒಣಕೊಂಬೆ. ತಮ್ಮ ಮನೆಯಲ್ಲಿ ಯಾರು ತೀರಿಕೊಂಡಿದ್ದಾರೋ ಅವರ ಹೆಸರನ್ನು ಮಕ್ಕಳು ಹಳದಿ ಕಾಗದದ ಎಲೆಯ ಮೇಲೆ ಬರೆದು ಕೊಂಬೆಗೆ ಕಟ್ಟಬೇಕು. ಅಜ್ಜಿಯರು, ಮಾವಂದಿರು, ಎರಡು ನಾಯಿ, ಒಂದು ಹ್ಯಾಮ್‌ಸ್ಟರ್ ಆಗಲೇ ಅಲ್ಲಿ ತೂಗುತ್ತಿದ್ದವು. ಸಂಜೆ ಮೂರೂಕಾಲಿಗೆ ಶಿಕ್ಷಕಿ ನನ್ನನ್ನು ಬಾಗಿಲ ಪಕ್ಕಕ್ಕೆ ಕರೆದರು. ಇಲ್ಲಿ ಹಾಗೆ ಕರೆದರೆ ಮಗು ಯಾರನ್ನೋ ಕಚ್ಚಿದೆ ಎಂದು ಅರ್ಥ. ಆದರೆ ಅವರು ಹೇಳಿದ್ದು ಬೇರೆ. ಮಗಳು ಎಲೆಯ ಮೇಲೆ "ತಾತ" ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳಂತೆ. ಶಿಕ್ಷಕಿ ಅದನ್ನು "ದಟ್‌ಹಾ" ಎಂದು ಓದಿ, ಅದು ಹೆಸರೇ ಎಂದು ಕೇಳಿದ್ದಾರೆ. ಅಲ್ಲ, ಅಪ್ಪನ ಅಪ್ಪ ಎಂದಿದ್ದಾಳೆ. ಹಾಗಾದರೆ ಹೆಸರೇನು ಎಂದಾಗ ಸ್ವಲ್ಪ ಹೊತ್ತು ಯೋಚಿಸಿ, ಜಂಪರನ್ನು ತಲೆಯ ಮೇಲಿಂದ ಎಳೆದು ಬಿಚ್ಚಿ, ಕತ್ತುಪಟ್ಟಿ ಹೊರಳಿಸಿ ಮೇಜಿನ ಮೇಲೆ ಹರಡಿದ್ದಾಳೆ. ಚೀಟಿ ನೋಡಿಕೊಂಡು ಒಂದೊಂದೇ ಅಕ್ಷರ ಇಳಿಸಿಕೊಂಡಿದ್ದಾಳೆ. ಎಲೆಯ ಅಗಲ ಸಾಲದೆ ಕೊನೆಯ ನಾಲ್ಕು ಅಕ್ಷರ ಹಿಂಬದಿಗೆ ಹೋಗಿವೆ.

"ಆಟಕ್ಕೂ ಹೋಗಲಿಲ್ಲ" ಎಂದರು ಶಿಕ್ಷಕಿ.

ಆ ಸಲದ ಮಹಾಲಯ ಅಮಾವಾಸ್ಯೆ ಕೆಲಸದ ದಿನ ಬಂದಿತ್ತು. ನಾನು ಎಡೆ ಇಟ್ಟಿರಲಿಲ್ಲ. ಊರಿನಲ್ಲಿ ಅಣ್ಣ ಇಟ್ಟು ಫೋಟೊ ಕಳಿಸಿದ್ದ: ಬಾಳೆಲೆ, ವಡೆ, ಪಾಯಸ, ಮಡಿಸಿಟ್ಟ ಹೊಸ ಪಂಚೆ. ಕಚೇರಿಯ ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿ, ಮೊಬೈಲನ್ನು ಜೇಬಿಗೆ ಹಾಕಿಕೊಂಡು ಮೀಟಿಂಗಿಗೆ ಹೋಗಿದ್ದೆ. ಶಿಕ್ಷಕಿ ತೋರಿಸಿದ ಎಲೆಯನ್ನು ಮುಂದೆ, ಹಿಂದೆ ತಿರುಗಿಸಿ ಓದಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ಆ ಹೆಸರನ್ನು ನನ್ನ ಕಚೇರಿಯವರು ವರ್ಷಗಳಿಂದ ತಪ್ಪಾಗಿಯೇ ಬರೆಯುತ್ತಿದ್ದಾರೆ.

ಡಿಸೆಂಬರ್ ಬಂದರೆ ಓದು ಮುಗಿದ ಹಾಗೆಯೇ. ನಾಲ್ಕು ಮೇಣದಬತ್ತಿಯ ಹಸಿರು ಚಕ್ರ, ಮೂರು ನೇರಳೆ ಒಂದು ಗುಲಾಬಿ, ವಾರಕ್ಕೊಂದು ಹಚ್ಚುವುದು. ಆಮೇಲೆ ಯೇಸು ಹುಟ್ಟಿದ ನಾಟಕ. ಮಗಳು ನಕ್ಷತ್ರ ನಂಬರ್ ಐದು, ಮಾತಿಲ್ಲ, ಮಿನುಗಬೇಕು. ಕುರುಬರ ಪಾತ್ರದ ಮಕ್ಕಳು ಅಡುಗೆಮನೆಯ ಟವೆಲನ್ನು ತಲೆಗೆ ಸುತ್ತಿಕೊಂಡು ಬಂದರು. ಅದೊಂದು ವಿಷಯದಲ್ಲಿ ಬೆತ್ಲೆಹೇಮಿಗೂ ನಮ್ಮೂರಿಗೂ ವ್ಯತ್ಯಾಸವಿಲ್ಲ.

ಕೊನೆಯ ದಿನ ಕಳೆದ ಸಾಮಾನುಗಳ ಡಬ್ಬವನ್ನು ಅಂಗಳದ ಮೇಜಿನ ಮೇಲೆ ಸುರಿದಿದ್ದರು. ಅಭ್ಯಾಸಬಲದಿಂದ ನಾನು ಕತ್ತುಪಟ್ಟಿಗಳನ್ನು ತಿರುಗಿಸುತ್ತಿದ್ದಾಗ ಮಂಗಳೂರಿನ ತಾಯಿ ಒಂದು ಚೀಲ ಹಿಡಿದು ಓಡುತ್ತ ಬಂದರು.

"ಎಂತ ಹೇಳುವುದು ಮಾರಾಯರೇ, ನಾಚಿಕೆಯಾಗುತ್ತದೆ. ನಮ್ಮ ಮನೆಯಲ್ಲಿ ಮೂರು ಮಕ್ಕಳಿಗೆ ಏಳು ಜಂಪರ್ ಇರಬೇಕಿತ್ತು, ಎಂಟು ಉಂಟು. ನನಗೆ ನೈಟ್ ಡ್ಯೂಟಿ, ಒಗೆಯುವಾಗ ಯಾರು ಹೆಸರು ನೋಡುತ್ತಾರೆ? ಇವತ್ತು ಬ್ಯಾಗ್ ಖಾಲಿ ಮಾಡುವಾಗ ನೋಡಿದೆ, ಇಷ್ಟುದ್ದ ಹೆಸರು ನಿಮ್ಮದೇ ಅಲ್ಲವೇ?"

ಮನೆಗೆ ಬಂದು ಚೀಲ ಬಿಚ್ಚಿದೆ. ಜಂಪರಿಗೆ ಅವರ ಮನೆಯ ಸೋಪಿನ ವಾಸನೆ, ಅದರ ಅಡಿಯಲ್ಲಿ ತೆಳುವಾಗಿ ತೆಂಗಿನೆಣ್ಣೆಯದು. ಅಷ್ಟು ಸಲ ಒಗೆದಿದ್ದರೂ ಚೀಟಿಯ ಹದಿನೈದು ಅಕ್ಷರಗಳಲ್ಲಿ ಒಂದೂ ಉದುರಿರಲಿಲ್ಲ. ಎರಡನೆಯ ದಿನಕ್ಕೆ ನಾಲೆ ನೀರಿನ ನೆಪ ಹೇಳಿ ಎದ್ದು ಬರುತ್ತಿದ್ದ ಅಪ್ಪ ಬೇರೆಯವರ ಮನೆಯಲ್ಲಿ, ಅದೂ ವಾರಕ್ಕೆ ನಾಲ್ಕು ದಿನ ಮೀನು ಬೇಯುವ ಮನೆಯಲ್ಲಿ, ಮೂರು ತಿಂಗಳು ಉಳಿದು ಬಂದಿದ್ದರು.