ಟೆಂಟಿನೊಳಗೆ ಚಳಿ ಬರೋದು ನೆಲದಿಂದ

ಡಿಸೆಂಬರ್ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಇದೇ ಮಾತು: ಮೂರ್ನಾಲ್ಕು ಮನೆಯವರು ಸೇರಿ ಸಕಲೇಶಪುರವೋ ಮೂಡಿಗೆರೆಯೋ, ಯಾವುದಾದರೂ ಕಾಫಿ ತೋಟದಲ್ಲಿ ಟೆಂಟ್ ಹಾಕಿ ಎರಡು ರಾತ್ರಿ ಇದ್ದು ಬರೋಣ. ಒಳ್ಳೆಯ ಯೋಚನೆಯೇ. ಮಳೆಯಿಲ್ಲ, ಇಂಬಳದ ಕಾಟವಿಲ್ಲ. ಆದರೆ ಜನ ಕೊಳ್ಳುವ ಸಾಮಾನು ನೋಡಿದರೆ ದುಡ್ಡೆಲ್ಲ ಹೊದೆಯುವುದಕ್ಕೇ ಹೋಗಿರುತ್ತೆ, ಹಾಸುವುದಕ್ಕೆ ಏನೂ ಇರುವುದಿಲ್ಲ. ನಡುರಾತ್ರಿ ಮಕ್ಕಳು ಎದ್ದು ಅಳೋದು ಇದಕ್ಕೇ.

ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟುಕೊಂಡ ಗಾಳಿಯಿಂದ. ಮೈಭಾರಕ್ಕೆ ಕೆಳಪದರ ಅಪ್ಪಚ್ಚಿಯಾದ ಮೇಲೆ ಅಲ್ಲಿ ಗಾಳಿಯೆಲ್ಲಿ? ಊದಿಸುವ ಮಾಮೂಲಿ ಹಾಸಿಗೆ ಇನ್ನೂ ಮೋಸ; ಒಳಗಿನ ಗಾಳಿ ಸುತ್ತುತ್ತಾ ಮೈಯ ಕಾವನ್ನೆಲ್ಲ ನೆಲಕ್ಕೆ ಸಾಗಿಸುತ್ತದೆ. ಮೊದಲು ತಾರ್ಪಾಲು, ಮೇಲೆ ಟೆಂಟು, ಒಳಗೆ 10 ಮಿ.ಮೀ. ಫೋಮ್ ಮ್ಯಾಟು, ಅದರ ಮೇಲೆ ಕಂಬಳಿ. ಫೋಮ್ ಸಿಗದಿದ್ದರೆ ಎರಡು ಯೋಗ ಮ್ಯಾಟ್ ಒಂದರ ಮೇಲೊಂದು ಹಾಕಿದರೂ ನಡೆಯುತ್ತೆ. ಚಳ್ಳಕೆರೆ ಕಡೆಯ ಒರಟು ಕುರಿ ಕಂಬಳಿಯಾದರೆ ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ಚುಚ್ಚುತ್ತೆ ಅಂತ ಮಕ್ಕಳು ರಾಗ ತೆಗೆಯುತ್ತಾರೆ, ಮೇಲೊಂದು ಬೆಡ್‌ಶೀಟ್ ಹಾಕಿ. ಹೇಗೂ ಭತ್ತದ ಕೊಯ್ಲಿನ ಕಾಲ, ತೋಟದವರ ಹತ್ತಿರ ಒಣಹುಲ್ಲು ಸಿಕ್ಕರೆ ತಾರ್ಪಾಲಿನ ಕೆಳಗೆ ಅರ್ಧ ಅಡಿ ಹರಡಿ. ಕೊಡವಿಯೇ ಹರಡಬೇಕು, ಚೇಳಿರುತ್ತೆ. ಹುಲ್ಲು ಹಾಕಿದ ಟೆಂಟಿಗೂ ಬೆಂಕಿಗೂ ಇಪ್ಪತ್ತು ಅಡಿಯಾದರೂ ಅಂತರವಿರಲಿ.

ತಾರ್ಪಾಲಿನ ಅಂಚು ಟೆಂಟಿನಿಂದ ಹೊರಗೆ ಇಣುಕಬಾರದು, ಒಳಕ್ಕೆ ಮಡಚಿ. ಇಲ್ಲದಿದ್ದರೆ ಮೇಲಿನ ಹೊದಿಕೆಯಿಂದ ಇಳಿಯುವ ಇಬ್ಬನಿ ಅಂಚಿನ ಮೇಲೆ ಬಿದ್ದು, ತಾರ್ಪಾಲಿನ ಮೇಲೇ ಹರಿದು ಟೆಂಟಿನ ಅಡಿಗೆ ಸೇರುತ್ತದೆ. ಬೆಳಗ್ಗೆ ಹಾಸಿಗೆ ಒದ್ದೆಯಾದಾಗ "ಟೆಂಟ್ ಲೀಕ್" ಎಂದು ಅಂಗಡಿಯವನನ್ನು ಬೈಯುವವರಲ್ಲಿ ಅರ್ಧ ಜನರದ್ದು ಇದೇ ಕಥೆ. ಉಳಿದರ್ಧ ಜನ ಚಳಿಯೆಂದು ಗಾಳಿಕಿಂಡಿ ಮುಚ್ಚಿದವರು. ನಾಲ್ಕು ಜನರ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿ ಮುಖದ ಮೇಲೇ ಬೀಳುತ್ತೆ. ಎಷ್ಟೇ ಚಳಿಯಿರಲಿ, ಮೇಲಿನ ಕಿಂಡಿ ತೆರೆದಿರಬೇಕು.

ಜಾಗದ ವಿಷಯ. ಹಳ್ಳದ ದಂಡೆ ಫೋಟೋಗೆ ಚೆಂದ, ಮಲಗಲು ಕೆಟ್ಟದ್ದು. ತಣ್ಣನೆಯ ಗಾಳಿ ಭಾರ, ರಾತ್ರಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಹಳ್ಳದಿಂದ ನಾಲ್ಕಾಳು ಎತ್ತರಕ್ಕೆ ಹೋದರೂ ವ್ಯತ್ಯಾಸ ಗೊತ್ತಾಗುತ್ತೆ. ಮರದ ಮರೆಯಲ್ಲಿ ಇಬ್ಬನಿ ಕಡಿಮೆ, ಆದರೆ ಸಿಲ್ವರ್ ಓಕಿನ ಕೆಳಗೆ ಮಾತ್ರ ಬೇಡ. ಅದರ ಕೊಂಬೆ ಸುಲಭಕ್ಕೆ ಮುರಿಯುತ್ತದೆ. ಇನ್ನು ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಟೆಂಟ್ ಹಾಕುವ ಯೋಚನೆಯನ್ನೇ ಬಿಡಿ. ತೋಟದ ಮಾಲೀಕರ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ, ಆನೆಯದ್ದು: ಈ ವಾರ ಯಾವ ಕಡೆ ಓಡಾಡಿದೆ? ಅಕ್ಕಿ, ಬಾಳೆಹಣ್ಣು, ಉಪ್ಪು ಯಾವುದೂ ಟೆಂಟಿನಲ್ಲಿರಬಾರದು. ಆನೆಗೆ ವಾಸನೆ ಬಹಳ ದೂರದಿಂದಲೇ ಹತ್ತುತ್ತೆ.

ಬೆಂಕಿಗೆ ಒಣಗಿದ ಕಾಫಿ ಬೊಡ್ಡೆಯಷ್ಟು ಒಳ್ಳೆಯ ಸೌದೆ ಇನ್ನೊಂದಿಲ್ಲ, ನಿಧಾನ ಉರಿಯುತ್ತೆ. ಸಂಜೆ ಐದಕ್ಕೇ ಸೌದೆ ಮುಚ್ಚಿಡಿ, ಇಬ್ಬನಿ ಕುಡಿದ ಸೌದೆ ಬರೀ ಹೊಗೆ. ಒಲೆಗೆ ಹೊಳೆಯ ಕಲ್ಲು ಬೇಡ, ಒಳಗೆ ನೀರಿದ್ದರೆ ಕಾದು ಸಿಡಿಯುತ್ತದೆ. ಗಾಳಿ ರಾತ್ರಿ ಕೆಳಮುಖವಾಗಿ ಹರಿಯುವುದರಿಂದ ಬೆಂಕಿ ಕೆಳಗಿರಲಿ, ಟೆಂಟು ಮೇಲಿರಲಿ.

ಒಂದು ಮಾತು ಎಷ್ಟು ಸಲ ಹೇಳಿದರೂ ಸಾಲದು. ಮಲಗುವ ಮೊದಲು ಕೆಂಡದ ಅಗ್ಗಿಷ್ಟಿಕೆಯನ್ನು ಟೆಂಟಿನೊಳಗೆ ಇಡಬೇಡಿ, ಐದು ನಿಮಿಷಕ್ಕೂ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ತಲೆನೋವು, ಮಂಪರು, ಆಮೇಲೆ ಏಳುವುದೇ ಇಲ್ಲ. ಗ್ಯಾಸ್ ಒಲೆಯೂ ಹಾಗೇ. ಮಕ್ಕಳಿಗೆ ಕಾವು ಬೇಕಿದ್ದರೆ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ತಲೆಕೆಳಗು ಹಿಡಿದು ನೋಡಿ, ಉಣ್ಣೆಯ ಕಾಲುಚೀಲದೊಳಗೆ ತುರುಕಿ ಪಾದದ ಹತ್ತಿರ ಇಡಿ. ಹಗಲಲ್ಲಿ ಓಡಾಡಿ ಬೆವೆತ ಬನಿಯನ್ನು, ಕಾಲುಚೀಲ ಬದಲಿಸದೆ ಮಲಗಿಸಿದರೆ ಮೂರು ಸ್ವೆಟರ್ ಹಾಕಿದರೂ ನಡುಕ ನಿಲ್ಲುವುದಿಲ್ಲ.

ಅಡುಗೆ ಸರಳವಿರಲಿ. ಆರು ದೊಡ್ಡವರು, ಆರು ಮಕ್ಕಳಿಗೆ 1 ಕೆ.ಜಿ. ಅಕ್ಕಿ, 500 ಗ್ರಾಂ ತೊಗರಿಬೇಳೆಯ ಬಿಸಿಬೇಳೆ ಬಾತ್ ಧಾರಾಳ. ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಲು ಹೋದರೆ ಮಕ್ಕಳು ಉಣ್ಣದೇ ಮಲಗುತ್ತಾರೆ. ಬೇಳೆ ಕುಕ್ಕರಿಗೆ, ಅನ್ನ ಪಾತ್ರೆಗೆ, ಆಮೇಲೆ ಎರಡನ್ನೂ ಸೇರಿಸಿ ಕುದಿಸಿ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿರುತ್ತೆ, ಕಡಲೆಕಾಯಿ ಎಣ್ಣೆ ತನ್ನಿ. ಚಿಕ್ಕ ಬ್ಯುಟೇನ್ ಕ್ಯಾನು ಮುಂಜಾನೆಯ ಚಳಿಗೆ ಮಂಕಾಗುತ್ತದೆ. ಹಚ್ಚುವ ಮೊದಲು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ, ಬೆಂಕಿಗೆ ಹಿಡಿಯುವ ಬುದ್ಧಿವಂತಿಕೆ ಬೇಡ ಮಾರಾಯ್ರೆ.

ತೀರ್ಥಹಳ್ಳಿ, ಸಾಗರ, ಕೊಪ್ಪ, ಸಿದ್ದಾಪುರದ ಕಡೆ ಹೋಗುವವರು ಮಂಗನ ಕಾಯಿಲೆಯನ್ನು ನೆನಪಿಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ಹರಡುವುದು ಉಣ್ಣೆಹುಳುವಿನಿಂದ, ಅದೂ ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಅಂದರೆ ಸರಿಯಾಗಿ ಕ್ಯಾಂಪಿಂಗ್ ಕಾಲದಲ್ಲೇ. ಆ ಊರುಗಳಲ್ಲಿ ತರಗೆಲೆಯ ಮೇಲೆ ಕೂರಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಸಂಜೆ ಮಕ್ಕಳ ಕಿವಿಹಿಂದೆ, ಕಂಕುಳು, ತೊಡೆಸಂದಿ ನೋಡಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಹಿಂದಿರುಗಿದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಹೊರಡುವ ದಿನ ಆತುರ ಬೇಡ. ಬೂದಿಗೆ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿಯಿರಿ, ಕೈಯಿಟ್ಟರೆ ತಣ್ಣಗಿರಬೇಕು. ಟೆಂಟಿನ ಇಬ್ಬನಿ ಆರಲು ಬಿಸಿಲು ಚೆನ್ನಾಗಿ ಏರಬೇಕು, ಹತ್ತು ಗಂಟೆಯಾದರೂ ಆದೀತು. ಅಷ್ಟು ಹೊತ್ತು ಕಾಯಲಾಗದಿದ್ದರೆ ಒದ್ದೆಯಲ್ಲೇ ಮಡಚಿಕೊಳ್ಳಿ, ಆದರೆ ಮನೆ ಮುಟ್ಟಿದ ದಿನವೇ ತಾರಸಿಯಲ್ಲಿ ಹರಡಿ. ಚೀಲದಲ್ಲೇ ವಾರ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಹಾಗೇ ಮಾಡುತ್ತಾ ಹೋದರೆ ಒಳಗಿನ ನೀರು ತಡೆಯುವ ಲೇಪ ಅಂಟಂಟಾಗಿ ಕಿತ್ತುಬರುತ್ತದೆ. ಆಮೇಲೆ ಆ ಟೆಂಟು ನಿಜವಾಗಿಯೂ ಸೋರುತ್ತದೆ.