ಕರಡಿಗೆ ಮನೆಮದ್ದು

ಅಲಾಸ್ಕಾದ ಕಂದು ಕರಡಿಗಳ ಸೀಮೆಯಲ್ಲಿ ಮೀನು ಹಿಡಿಯಲು ಹೊರಟವರ ಸೊಂಟದಲ್ಲಿ .44 ಮ್ಯಾಗ್ನಂ ರಿವಾಲ್ವರ್ ಇರುವುದು ಮಾಮೂಲು. ಕಾಡತೂಸನ್ನು ಮನೆಯಲ್ಲೇ ತುಂಬಿಕೊಳ್ಳುವವರೂ ಇದ್ದಾರೆ, ಅಲ್ಲಿ ಅದು ಕಾನೂನುಬದ್ಧ ಹವ್ಯಾಸ. (ನಮ್ಮಲ್ಲಿ ಹಾಗಿಲ್ಲ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದ್ದರೂ ಕಾಡತೂಸು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬೇರೆ ಲೈಸೆನ್ಸೇ ಬೇಕು.) ಅಲಾಸ್ಕಾದವರ ಮಾತೆಲ್ಲ ಗುಂಡಿನ ವೇಗ ಎಷ್ಟು, ಶಕ್ತಿ ಎಷ್ಟು ಅನ್ನುವುದರ ಸುತ್ತಲೇ. ನನ್ನನ್ನು ಕೇಳಿದರೆ, ಸಿಲಿಂಡರಿನಲ್ಲಿರುವ ಆರು ಕಾಡತೂಸುಗಳಲ್ಲಿ ಮೊದಲು ನೋಡಬೇಕಾದದ್ದು ಆರನೆಯದನ್ನು.

ಹಗುರ ರಿವಾಲ್ವರಿನಲ್ಲಿ 300 ಗ್ರೇನಿನ (ಸುಮಾರು 19 ಗ್ರಾಂ) ಭಾರದ ಗುಂಡು ಹಾರಿಸಿದರೆ ಒದೆತ ಜೋರು. ಉಳಿದ ಕಾಡತೂಸುಗಳ ಕೇಸು (ಸಿಡಿಮದ್ದು ತುಂಬುವ ಹಿತ್ತಾಳೆಯ ಕೊಳವೆ) ಆ ಒದೆತಕ್ಕೆ ಹಿಂದೆ ಸರಿಯುತ್ತದೆ, ಅದರ ಬಾಯಲ್ಲಿರುವ ಗುಂಡು ಇದ್ದಲ್ಲೇ ಇರಲು ನೋಡುತ್ತದೆ. ಕೇಸಿನ ಹಿಡಿತ ಸಡಿಲವಿದ್ದರೆ ಗುಂಡು ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಹೊರಗೆ ಜರುಗುತ್ತಾ ಹೋಗಿ, ಕೊನೆಗೆ ಅದರ ಮೂತಿ ಸಿಲಿಂಡರಿನಿಂದ ಆಚೆ ಬಂದು ಫ್ರೇಮಿಗೆ ತಗುಲುತ್ತದೆ. ಸಿಲಿಂಡರ್ ತಿರುಗುವುದಿಲ್ಲ. ಕರಡಿ ಕಾಯುವುದಿಲ್ಲ.

ಪರೀಕ್ಷೆ ಸುಲಭ. ಒಂದು ಕಾಡತೂಸಿಗೆ ಮಾರ್ಕರಿನಲ್ಲಿ ಗುರುತು ಹಾಕಿ, ಕ್ಯಾಲಿಪರಿನಲ್ಲಿ ಒಟ್ಟು ಉದ್ದ ಅಳೆದು ಬರೆದಿಡಿ. ಮಿಕ್ಕ ಐದನ್ನು ಹಾರಿಸಿ, ಗುರುತಿನದನ್ನು ತೆಗೆದು ಮತ್ತೆ ಅಳೆಯಿರಿ. ಉದ್ದವಾಗಿದ್ದರೆ ಆ ಬ್ಯಾಚು ಕರಡಿಯ ಕಾಡಿಗಲ್ಲ. ಇದಕ್ಕೆ ಸಾಮಾನ್ಯ ಕಾರಣ, ಕೇಸುಗಳನ್ನು ಒಂದೇ ಅಳತೆಗೆ ಕತ್ತರಿಸಿರುವುದಿಲ್ಲ, ಗಿಡ್ಡ ಕೇಸಿಗೆ ಕ್ರಿಂಪ್ (ಗುಂಡನ್ನು ಹಿಡಿದಿಡಲು ಕೇಸಿನ ಬಾಯಂಚನ್ನು ಒಳಕ್ಕೆ ಒತ್ತುವುದು) ಸರಿಯಾಗಿ ಬಿದ್ದಿರುವುದಿಲ್ಲ. ಇಲ್ಲವೇ ಗುಂಡು ಕೂರಿಸಲು ಬಾಯಿ ಅಗಲಿಸುವ ಉಪಕರಣ, ಎಕ್ಸ್‌ಪ್ಯಾಂಡರ್, ಕೇಸಿನ ಬಾಯನ್ನು ಬೇಕಾದ್ದಕ್ಕಿಂತ ಅಗಲ ಮಾಡಿರುತ್ತದೆ. ಇದನ್ನು ಮುಚ್ಚಲು ಕ್ರಿಂಪನ್ನೇ ಇನ್ನಷ್ಟು ಒತ್ತುವವರಿದ್ದಾರೆ, ಆಗ ಕೇಸು ಉಬ್ಬಿ ಚೇಂಬರಿಗೇ (ಸಿಲಿಂಡರಿನ ರಂಧ್ರಕ್ಕೇ) ಇಳಿಯುವುದಿಲ್ಲ. ಹಾಗಾಗಿ ಒಯ್ಯುವ ಪ್ರತಿಯೊಂದನ್ನೂ ಸಿಲಿಂಡರಿಗೆ ಬಿಟ್ಟು ನೋಡಿ. ತನ್ನ ಭಾರಕ್ಕೆ ತಾನೇ ಜಾರಿ ಕೂರಬೇಕು.

ತಳವನ್ನು ಬೆರಳಲ್ಲಿ ಸವರಿ. ರಿವಾಲ್ವರಿನ ಪಿನ್ನಿನ ಏಟಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು, ಅಂದರೆ ಪ್ರೈಮರ್, ಉಬ್ಬಿ ಬೆರಳಿಗೆ ತಟ್ಟಿದರೆ ಅದು ಪೂರ್ತಿ ಕೂತಿಲ್ಲ ಎಂದರ್ಥ. ಪಿನ್ನಿನ ಮೊದಲ ಏಟು ಅದನ್ನು ಒಳಗೆ ಕೂರಿಸುವುದಕ್ಕೇ ಖರ್ಚಾಗಿ, ಗುಂಡು ಹಾರದೇ ಹೋಗಬಹುದು. ಟ್ರಿಗರ್ ಹಗುರವಾಗಲಿ ಎಂದು ಸ್ಪ್ರಿಂಗ್ ಬದಲಿಸಿದ ರಿವಾಲ್ವರಿನಲ್ಲಂತೂ ಈ ಕಾಟ ಹೆಚ್ಚು.

ಮದ್ದಿನ ಪ್ರಮಾಣ ಅಚ್ಚಾದ ಲೋಡಿಂಗ್ ಕೈಪಿಡಿಯದ್ದೇ ಇರಲಿ, ಸ್ನೇಹಿತರ ಬಾಯಿಮಾತಿನದ್ದು ಬೇಡ. ಗುಂಡು ಕೂರಿಸುವ ಮುಂಚೆ ಸಾಲಾಗಿ ನಿಲ್ಲಿಸಿದ ಕೇಸುಗಳ ಮೇಲೆ ಟಾರ್ಚ್ ಬಿಟ್ಟು ಮಟ್ಟ ನೋಡಿ. ಮದ್ದೇ ಬೀಳದ ಕೇಸಿನಲ್ಲಿ ಪ್ರೈಮರಿನ ಬಲಕ್ಕೇ ಗುಂಡು ನಳಿಗೆಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆಯೇ ಸಿಡಿಯಬಹುದು.

ಗುಂಡಿನ ಬಗೆ ಹೇಳಲು ಹೆಚ್ಚಿಲ್ಲ: ಗಟ್ಟಿ ಎರಕದ ಸೀಸ, ಚಪ್ಪಟೆ ಮೂತಿ. ಮನುಷ್ಯರಿಗೆಂದು ಮಾಡಿದ, ಮೂತಿಯಲ್ಲಿ ಕುಳಿ ಇರುವ ಹಾಲೋ ಪಾಯಿಂಟ್ ಬೇಗ ಅರಳಿ ಸ್ನಾಯುವಿನಲ್ಲೇ ನಿಲ್ಲುತ್ತದೆ. ಅಮೆರಿಕದ ಅರಣ್ಯ ಸೇವೆ ಕರಡಿಯ ಸಲುವಾಗಿಯೇ 15 ಗಜದಲ್ಲಿ ಗುಂಡುಗಳನ್ನು ಪರೀಕ್ಷಿಸಿ 1983ರಲ್ಲಿ ವರದಿ ಪ್ರಕಟಿಸಿತ್ತು. ಅದರಲ್ಲಿ ದೊಡ್ಡ ರೈಫಲ್‌ಗಳ ಮುಂದೆ .44 ಕೂಡ ಹಿಂದೆಯೇ. ಬೇರ್ ಸ್ಪ್ರೇ (ಕರಡಿಯ ಮುಖಕ್ಕೆ ಸಿಂಪಡಿಸುವ ಖಾರದ ದ್ರಾವಣ) ಮೊದಲು ಕೈಗೆ ಸಿಗುವ ಹಾಗಿರಲಿ ಎನ್ನುವವರ ಪಕ್ಷ ನನ್ನದು.

ಇನ್ನೊಂದು. ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ತಿಂಗಳುಗಟ್ಟಲೆ ಬಿಟ್ಟ ಕಾಡತೂಸಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ, ಚೇಂಬರಿನಲ್ಲಿ ಅಂಟುತ್ತದೆ. ಕಿಲುಬು ಹಿಡಿದದ್ದನ್ನು ಪಕ್ಕಕ್ಕಿಟ್ಟು, ವರ್ಷ ಕಳೆದ ಬ್ಯಾಚನ್ನು ಗುರಿಹಲಗೆಗೆ ಹಾರಿಸಿ ಮುಗಿಸಿ, ಹೊಸದು ತುಂಬಿಕೊಳ್ಳಿ.